ಒಂಬತ್ತನೇ ತಿಂಗಳಲ್ಲಿ ಮಗು ಹೊಟ್ಟೆಯಲ್ಲೇ ಹೋಯಿತು. ಯಾಕೆ ಅಂತ ಯಾರೂ ಹೇಳುತ್ತಿಲ್ಲ

ಹಾವೇರಿ_ನಾದಿನಿ

ಎಲ್ಲರಿಗೂ ನಮಸ್ಕಾರ. ಹೋದ ತಿಂಗಳು ನಮ್ಮ ಅತ್ತಿಗೆಗೆ ಸತ್ತ ಮಗು ಹುಟ್ಟಿತು. ಚೊಚ್ಚಲ ಬಸಿರು. ಕುಬುಸ ಮುಗಿಸಿ ತವರಿಗೆ ಹೋಗಿದ್ದರು. ಅದು ಬೇರೆ ಜಿಲ್ಲೆ. ಅಲ್ಲಿ ಒಂದು ದಿನ "ಮಗು ಯಾಕೋ ಆಡ್ತಿಲ್ಲ" ಅಂದರಂತೆ. "ದಿನ ತುಂಬ್ತಾ ಬಂದ ಹಾಗೆ ಜಾಗ ಸಾಲಲ್ಲ, ಆಡೋದು ಕಮ್ಮಿ ಆಗುತ್ತೆ" ಅಂತ ಮನೆಯಲ್ಲಿ ಸಮಾಧಾನ ಮಾಡಿದರು. ಮಾರನೇ ದಿನ ಸಂಜೆ ಆಸ್ಪತ್ರೆಗೆ ಹೋದರೆ ಹಾರ್ಟ್‌ಬೀಟ್ ಇಲ್ಲ ಅಂದುಬಿಟ್ಟರು.

ಈಗ ಮನೆಗೆ ಬರುವವರೆಲ್ಲ ಒಂದೊಂದು ಕಾರಣ ಹೇಳುತ್ತಾರೆ. ಗ್ರಹಣದಲ್ಲಿ ಹೊರಗೆ ಬಂದಿದ್ದಳು ಅಂತ ಒಬ್ಬರು. ಕರುಳು ಕೊರಳಿಗೆ ಸುತ್ತಿಕೊಂಡಿತ್ತು ಅಂತ ಇನ್ನೊಬ್ಬರು. ಪರಂಗಿಹಣ್ಣು, ದೃಷ್ಟಿ, ಸ್ಕೂಟಿ... ಡಿಸ್ಚಾರ್ಜ್ ಚೀಟಿಯಲ್ಲಿ "ಐಯುಎಫ್‌ಡಿ" ಅಂತ ಬರೆದಿದ್ದಾರೆ, ಅಷ್ಟೇ. ಅತ್ತಿಗೆ ಮಾತೇ ಆಡುತ್ತಿಲ್ಲ. ಮುಂದಿನ ಸಲವೂ ಹೀಗೇ ಆದರೆ ಅನ್ನೋ ಭಯ ಎಲ್ಲರಿಗೂ ಇದೆ. ಗೊತ್ತಿರುವವರು ದಯವಿಟ್ಟು ಹೇಳಿ.

ಹೆರಿಗೆವಾರ್ಡ್_ಡಾಕ್ಟರ್

ತಂಗಿ, ಮೊದಲಿಗೆ ಅತ್ತಿಗೆಯವರಿಗೆ ಹೇಳಿ: ಹಣ್ಣು ತಿಂದಿದ್ದಕ್ಕೆ, ಗ್ರಹಣ ನೋಡಿದ್ದಕ್ಕೆ ಮಗು ಸಾಯುವುದಿಲ್ಲ. ಕರುಳಬಳ್ಳಿ ಕೊರಳಿಗೆ ಸುತ್ತಿಕೊಳ್ಳೋದು ಚೆನ್ನಾಗಿ ಅಳುತ್ತಾ ಹುಟ್ಟುವ ನಾಲ್ಕೈದು ಮಕ್ಕಳಲ್ಲಿ ಒಂದಕ್ಕೆ ಇದ್ದೇ ಇರುತ್ತೆ. ಕಣ್ಣಿಗೆ ಕಾಣುತ್ತಲ್ಲ, ಅದಕ್ಕೇ ಎಲ್ಲರೂ ಅದರ ಮೇಲೆ ಹಾಕುತ್ತಾರೆ. ಕೆಲವೊಮ್ಮೆ ನಾವು ಡಾಕ್ಟರುಗಳೂ ಹಾಕುತ್ತೇವೆ, ಸುಮ್ನೆ ಯಾಕೆ ಸುಳ್ಳು.

ಐಯುಎಫ್‌ಡಿ ಅಂದರೆ ಮಗು ಹೊಟ್ಟೆಯಲ್ಲೇ ತೀರಿಕೊಂಡಿತು ಅಂತ ಮಾತ್ರ. ಅದು ಕಾರಣ ಅಲ್ಲ. ಕಾರಣ ಹುಡುಕಬೇಕು ಅಂದರೆ ಕೆಲವು ಪ್ರಶ್ನೆ ಇವೆ. ಉತ್ತರ ಗೊತ್ತಿದ್ದಷ್ಟು ಬರೆಯಿರಿ. ಮಗುವಿನ ತೂಕ ಎಷ್ಟಿತ್ತು? ತಾಯಿ ಕಾರ್ಡ್‌ನಲ್ಲಿ ಬಿಪಿ, ಹಿಮೋಗ್ಲೋಬಿನ್, ಸಕ್ಕರೆ ಏನೇನು ಬರೆದಿದ್ದಾರೆ? ರಕ್ತದ ಗುಂಪು? ಕಾಲು ಊತ, ತಲೆನೋವು, ಕಣ್ಣು ಮಂಜು ಇತ್ತಾ? ರಕ್ತಸ್ರಾವ ಆಗಿತ್ತಾ, ಹೊಟ್ಟೆ ಕಲ್ಲಿನ ಹಾಗೆ ಗಟ್ಟಿ ಆಗಿತ್ತಾ? ಹುಟ್ಟಿದಾಗ ಮಗುವಿನ ಚರ್ಮ ಸುಲಿದಂತೆ ಇತ್ತಾ? ಕೊನೆಯದು ಕೇಳೋಕೆ ಕಷ್ಟ, ಆದರೆ ಅದರಿಂದ ತುಂಬ ತಿಳಿಯುತ್ತೆ. ಚರ್ಮ ಸುಲಿದಿದ್ದರೆ ನೋವು ಶುರುವಾಗುವ ಮೊದಲೇ ಮಗು ಹೋಗಿತ್ತು ಅಂತ. ಮೈ ಹಾಗೇ ಇದ್ದರೆ ಹೆಚ್ಚಾಗಿ ಹೆರಿಗೆ ಹೊತ್ತಿನಲ್ಲೇ ಆದದ್ದು.

ನೇರನುಡಿ_ಗದಗ

ಡಾಕ್ಟ್ರೇ, ಎಲ್ಲ ಪ್ರಶ್ನೆ ಮನೆಯವರಿಗೇ ಯಾಕೆ? ಆಸ್ಪತ್ರೆಯವರು ಕೇಳಿ ಬರೆಯಬೇಕಾದದ್ದಲ್ವಾ ಇದು? ಹೆಣ್ಣುಮಗಳು ಅಷ್ಟು ದುಃಖದಲ್ಲಿರುವಾಗ ಒಂದು ಚೀಟಿ ಕೊಟ್ಟು ಕಳಿಸಿದ್ದಾರೆ.

ಹೆರಿಗೆವಾರ್ಡ್_ಡಾಕ್ಟರ್

ನಿಮ್ಮ ಮಾತು ನಿಜ. ಬರೆಯಬೇಕು. ಮಾಸನ್ನೂ, ಅಂದರೆ ಪ್ಲಾಸೆಂಟಾವನ್ನೂ, ಪರೀಕ್ಷೆಗೆ ಕಳಿಸಬೇಕು. ಹೆಚ್ಚಿನ ಕಡೆ ಅದು ಬಕೆಟ್‌ಗೆ ಹೋಗುತ್ತೆ. ನಮ್ಮ ದಾವಣಗೆರೆಯಲ್ಲೇ ಪರ್ಪಸ್ ಅಂತ ಒಂದು ಅಧ್ಯಯನ ನಡೆಯಿತು, ಕರಾಚಿಯ ಜೊತೆ ಸೇರಿಸಿ. ಸತ್ತು ಹುಟ್ಟಿದ ಮಕ್ಕಳ ಮೈಯಿಂದ ಸೂಜಿಯಲ್ಲಿ ಚೂರೇ ಚೂರು ಮಾದರಿ ತೆಗೆದು, ಮಾಸು ಪರೀಕ್ಷೆ ಮಾಡಿ, ತಜ್ಞರು ಕೂತು ಒಂದೊಂದಕ್ಕೂ ಕಾರಣ ಗುರುತಿಸಿದರು. ಎರಡೂ ಊರಲ್ಲಿ ಹೆಚ್ಚಾಗಿ ಕಂಡದ್ದು ಒಂದೇ. ಹೊಟ್ಟೆಯೊಳಗೆ ಮಗುವಿಗೆ ಆಮ್ಲಜನಕ ಸಾಲದೆ ಹೋದದ್ದು. ಅದರ ಹಿಂದೆ ಎಷ್ಟೋ ಸಲ ತಾಯಿಯ ಬಿಪಿ, ಮಾಸು ಸರಿಯಾಗಿ ಕೆಲಸ ಮಾಡದಿರುವುದು, ಮಾಸು ಮೊದಲೇ ಕಿತ್ತುಕೊಳ್ಳುವುದು. ಅಂದರೆ ಹುಟ್ಟಿನಿಂದಲೇ ದೋಷ ಇದ್ದ ಮಕ್ಕಳಷ್ಟೇ ಅಲ್ಲ ಇವು. ಬೆಳೆಯುತ್ತಿದ್ದ ಮಕ್ಕಳೂ ಇದ್ದವು.

ಹಾವೇರಿ_ನಾದಿನಿ

ಅಣ್ಣನ ಹತ್ತಿರ ಕಾರ್ಡ್ ತರಿಸಿ ನೋಡಿದೆ. ಮಗು 1.9 ಕೆ.ಜಿ. ರಕ್ತ ಬಿ ಪಾಸಿಟಿವ್. ಹಿಮೋಗ್ಲೋಬಿನ್ 9.2. ಬಿಪಿ ಮೊದಲು 110/70, ಆಮೇಲೆ 120/80, ನಮ್ಮೂರಲ್ಲಿ ಕೊನೇ ಸಲ ನೋಡಿದಾಗ 138/88. ಅದಾದ ಮೇಲೆ ಕಾಲಂ ಖಾಲಿ. ತವರಿನಲ್ಲಿ ಒಂದು ಸ್ಕ್ಯಾನಿಂಗ್ ಸೆಂಟರ್‌ಗೆ ಮಾತ್ರ ಹೋಗಿದ್ದಾರೆ. ಕಾಲು ಊದಿ ಚಪ್ಪಲಿ ಹಿಡೀತಿರಲಿಲ್ಲ ಅಂತ ಅವರ ಅಮ್ಮ ಹೇಳಿದರು. "ಬಸುರಿಗೆ ಕಾಲು ಊದೋದು ಸಹಜ" ಅಂತ ಬಿಟ್ಟಿದ್ದಾರೆ. ತಲೆನೋವಿಗೆ ಅಮೃತಾಂಜನ ಹಚ್ಚಿಕೊಂಡಿದ್ದಾರೆ. ಚರ್ಮ ಅಲ್ಲಲ್ಲಿ ಸುಲಿದಿತ್ತಂತೆ.

ಹೆರಿಗೆವಾರ್ಡ್_ಡಾಕ್ಟರ್

ದೂರದಿಂದ ಇದೇ ಅಂತ ಹೇಳೋಕಾಗಲ್ಲ. ಆದರೂ ನೀವು ಬರೆದದ್ದು ಒಂದಕ್ಕೊಂದು ಹೊಂದುತ್ತೆ. ಒಂಬತ್ತು ತುಂಬುವ ಹೊತ್ತಿಗೆ 1.9 ಕೆ.ಜಿ. ಕಡಿಮೆ. ಮಗು ಕೆಲವು ವಾರಗಳಿಂದಲೇ ಸರಿಯಾಗಿ ಬೆಳೆದಿರಲಿಲ್ಲ. ಬಿಪಿ ಮೇಲೇರುತ್ತಾ ಇತ್ತು. 140/90 ಮುಟ್ಟಿದರೆ ಕೆಂಪು ಪೆನ್ನಲ್ಲಿ ಬರೆಯುತ್ತಾರೆ, 138/88 ಅಂದರೆ "ಇನ್ನೂ ನಾರ್ಮಲ್" ಅಂತ ಮುಂದೆ ಹೋಗುತ್ತಾರೆ. 110ರಿಂದ 138ಕ್ಕೆ ಏರಿದೆ ಅನ್ನೋದನ್ನ ಯಾರೂ ನೋಡಲಿಲ್ಲ. ಅವತ್ತೇ ಮೂತ್ರದಲ್ಲಿ ಪ್ರೋಟೀನ್ ನೋಡಿ, ವಾರದೊಳಗೆ ಮತ್ತೆ ಬರೋಕೆ ಹೇಳಬೇಕಿತ್ತು.

ಬಿಪಿ ಏರಿದಾಗ ಮಾಸಿಗೆ ಹೋಗುವ ರಕ್ತ ಕಡಿಮೆ ಆಗುತ್ತೆ. ಮಗು ಬೆಳೆಯೋದು ನಿಧಾನ ಆಗುತ್ತೆ. ಆಮೇಲೆ ಶಕ್ತಿ ಉಳಿಸಿಕೊಳ್ಳೋಕೆ ಆಡೋದು ಕಡಿಮೆ ಮಾಡುತ್ತೆ. "ಆಡ್ತಿಲ್ಲ" ಅಂತ ಅತ್ತಿಗೆ ಹೇಳಿದರಲ್ಲ, ಇಡೀ ಕಥೆಯಲ್ಲಿ ಸರಿಯಾಗಿ ಗಮನಿಸಿದವರು ಅವರೊಬ್ಬರೇ. ಇದನ್ನ ಅವರಿಗೆ ಹೇಳಿ. ಕೊನೇ ತಿಂಗಳಲ್ಲಿ ಆಟದ ರೀತಿ ಸ್ವಲ್ಪ ಬದಲಾಗಬಹುದು, ಒದೆಯೋದಕ್ಕಿಂತ ಹೊರಳಾಡೋದು ಜಾಸ್ತಿ ಅನ್ನಿಸಬಹುದು. ಕಡಿಮೆ ಆಗಬಾರದು. ಹೆರಿಗೆ ಆಗುವವರೆಗೂ ಮಗು ಆಡ್ತಾನೇ ಇರಬೇಕು.

ಆಶಾ_ಅಕ್ಕ_ಕೊಪ್ಪಳ

ನಾನು ಆಶಾ ಕಾರ್ಯಕರ್ತೆ. ಈ ಖಾಲಿ ಕಾಲಂ ವಿಚಾರ ಹೇಳಲೇಬೇಕು. ನಮ್ಮ ಪಟ್ಟಿಯಲ್ಲಿರುವ ಬಸುರಿ ಏಳನೇ ತಿಂಗಳಿಗೆ ತವರಿಗೆ ಹೋಗುತ್ತಾಳೆ. ನಮಗೆ "ಹೋದಳು" ಅಂತ ಗೊತ್ತು. ಅಲ್ಲಿನ ಆಶಾಗೆ "ಬಂದಳು" ಅಂತ ಗೊತ್ತಿರಲ್ಲ. ಹಾಗೆಯೇ ನಮ್ಮೂರಿಗೆ ಬಾಣಂತನಕ್ಕೆ ಬಂದ ಹೆಣ್ಣುಮಕ್ಕಳು ಎಷ್ಟೋ ಸಲ ನೋವು ಬಂದ ದಿನವೇ ನಮ್ಮ ಕಣ್ಣಿಗೆ ಬೀಳೋದು. ಬಿಪಿ ಏರುವುದು, ಮಗು ಬೆಳವಣಿಗೆ ನಿಲ್ಲುವುದು ಎಲ್ಲ ಆಗುವ ತಿಂಗಳುಗಳೂ ಅವೇ ನೋಡಿ.

ಆನ್‌ಲೈನ್‌ನಲ್ಲಿ ಎಲ್ಲ ಇದೆ ಅಂತಾರೆ. ತಾಯಿ ಕಾರ್ಡ್‌ನ ನಂಬರ್ ಹಾಕಿದರೆ ಬಸುರಿಯ ವಿವರ ಬರುತ್ತಂತೆ. ಹಾಕುವವರು ಯಾರು? ನಾನು ಈಗ ಒಂದು ರೂಢಿ ಮಾಡಿಕೊಂಡಿದ್ದೇನೆ. ಕುಬುಸಕ್ಕೆ ಉಡಿ ತುಂಬೋಕೆ ಹೋದಾಗಲೇ ತವರಿನ ಊರು ಕೇಳಿ, ಅಲ್ಲಿನ ಆಶಾ ನಂಬರ್ ಹುಡುಕಿ, ಹುಡುಗಿಯ ಮುಂದೆಯೇ ಫೋನ್ ಮಾಡುತ್ತೇನೆ. "ನಿಮ್ಮೂರಿಗೆ ಬರ್ತಾಳೆ, ಬಿಪಿ ಸ್ವಲ್ಪ ಜಾಸ್ತಿ ಐತಿ, ನೋಡ್ಕೊಳ್ರಿ ಅಕ್ಕಾ" ಅಂತ. ಅದಕ್ಕೆ ನಮಗೆ ಯಾರೂ ದುಡ್ಡು ಕೊಡಲ್ಲ, ಬಿಡಿ.

ಮೈಸೂರ್_ಮಗ

ಹಾಗಾದರೆ ತವರಿಗೆ ಕಳಿಸೋ ಪದ್ಧತಿಯೇ ನಿಲ್ಲಿಸಿದರೆ ಆಯ್ತಲ್ವಾ?

ಆಶಾ_ಅಕ್ಕ_ಕೊಪ್ಪಳ

ಅಣ್ಣಾ, ಅತ್ತೆಮನೆಯಲ್ಲಿ ಒಂಬತ್ತು ತಿಂಗಳ ಬಸುರಿ ಬಾವಿಯಿಂದ ನೀರು ಹೊರೋದನ್ನ ನಾನು ನೋಡಿದ್ದೇನೆ. ತವರಿಗೆ ಹೋದರೆ ಒಂದು ಹೊತ್ತಾದರೂ ಕಾಲು ಚಾಚಿ ಕೂರುತ್ತಾಳೆ. ಹೋಗಲಿ. ಕಾರ್ಡ್ ಜೊತೆಗೆ ಹೋಗಲಿ, ಹೋದ ವಾರದಲ್ಲೇ ಅಲ್ಲಿನ ಪಿಎಚ್‌ಸಿಗೆ ತೋರಿಸಲಿ.

ಎರಡನೇ_ಸಲ

ನನಗೂ ಮೊದಲನೇದು ಹೀಗೇ ಹೋಯಿತು. ಈಗ ಮಗಳು ಅಂಗನವಾಡಿಗೆ ಹೋಗುತ್ತಾಳೆ. ಅತ್ತಿಗೆಗೆ ಇದನ್ನ ಓದಿಸಿ ಅನ್ನೋ ಆಸೆಯಿಂದ ಬರೆಯುತ್ತಿದ್ದೇನೆ.

ಯಾರೂ ಮೊದಲೇ ಹೇಳದ ಸಂಗತಿ ಒಂದಿದೆ. ಹೆರಿಗೆಯಾದ ಎರಡು ಮೂರು ದಿನಕ್ಕೆ ಎದೆಹಾಲು ಇಳಿಯುತ್ತೆ. ಮಗು ಇಲ್ಲ ಅಂತ ದೇಹಕ್ಕೇನು ಗೊತ್ತು? ಎದೆ ಕಲ್ಲಾಗಿ, ಜ್ವರ ಬಂದು, ನೈಟಿ ಎಲ್ಲ ಒದ್ದೆ. ನನ್ನನ್ನ ಮಲಗಿಸಿದ್ದು ಬಾಣಂತಿಯರ ವಾರ್ಡ್‌ನಲ್ಲೇ, ಆಚೀಚೆ ಹಾಸಿಗೆಯಲ್ಲಿ ಮಕ್ಕಳು. ಎದ್ದು ಹೋಗಿ ಕಾರಿಡಾರಿನ ಬೆಂಚಿನ ಮೇಲೆ ಕೂರುತ್ತಿದ್ದೆ. ಹಾಲು ನಿಲ್ಲಿಸೋಕೆ ಮಾತ್ರೆ ಇದೆ ಅಂತ ಗೊತ್ತಾದದ್ದು ಆಮೇಲೆ. ಬಿಪಿ ಇದ್ದವರಿಗೆ ಅದು ಆಗಲ್ಲ, ಡಾಕ್ಟರನ್ನ ಕೇಳಬೇಕು. ಎದೆಗೆ ಆಸರೆ ಕೊಡುವ ಒಳಉಡುಪು, ತಣ್ಣನೆ ಬಟ್ಟೆ, ತಡೆಯೋಕಾಗದಿದ್ದರೆ ಸ್ವಲ್ಪ ಮಾತ್ರ ಹಿಂಡಿ ತೆಗೆಯೋದು. ಪೂರ್ತಿ ಹಿಂಡಿದರೆ ಮತ್ತೆ ಮತ್ತೆ ಬರುತ್ತೆ.

ಇನ್ನೊಂದು. ನನಗೆ ಮಗುವನ್ನ ತೋರಿಸಲಿಲ್ಲ. "ನೋಡಬೇಡ, ಮನಸ್ಸಿಗೆ ಹಚ್ಚಿಕೊಳ್ತೀಯ" ಅಂದರು. ನೋಡಬೇಕಿತ್ತು ಅಂತ ಈಗಲೂ ಅನ್ನಿಸುತ್ತೆ. ಎಲ್ಲರಿಗೂ ಹಾಗನ್ನಿಸಬೇಕು ಅಂತಿಲ್ಲ. ಕೇಳಬೇಕಿತ್ತು, ಅಷ್ಟೇ.

ರಾತ್ರಿಪಾಳಿ_ಸಿಸ್ಟರ್

ಅಕ್ಕ ಬರೆದದ್ದು ಓದಿ ಬೇಜಾರಾಯಿತು. ವಾರ್ಡ್ ವಿಷಯ ನಿಜ. ನಮ್ಮಲ್ಲಿ ಈಗ ಮೂಲೆಯ ಹಾಸಿಗೆ ಕೊಟ್ಟು ಪರದೆ ಎಳೆಯುತ್ತೇವೆ. ಬೇರೆ ಕೋಣೆಯೇ ಇಲ್ಲ.

ಇಲ್ಲಿ ಬಿಪಿ ಬಗ್ಗೆ ಮಾತಾಡುತ್ತಿದ್ದೀರಿ, ಸರಿ. ಹೆರಿಗೆ ಕೋಣೆಯ ಬಗ್ಗೆಯೂ ಹೇಳುತ್ತೇನೆ. ಪ್ರಪಂಚದಲ್ಲಿ ಸತ್ತು ಹುಟ್ಟುವ ಮಕ್ಕಳಲ್ಲಿ ನೂರಕ್ಕೆ 40ಕ್ಕಿಂತ ಹೆಚ್ಚು ಹೆರಿಗೆ ನೋವಿನ ಹೊತ್ತಿನಲ್ಲೇ ಹೋಗುತ್ತವೆ. ಆಸ್ಪತ್ರೆ ಬಾಗಿಲಿಗೆ ಬರುವಾಗ ಜೀವ ಇದ್ದ ಮಕ್ಕಳೂ ಅದರಲ್ಲಿವೆ. ನೋವು ಚೆನ್ನಾಗಿ ಹಿಡಿದ ಮೇಲೆ ಅರ್ಧ ಗಂಟೆಗೊಮ್ಮೆಯಾದರೂ, ಮುಕ್ಕಿ ಮಗುವನ್ನ ತಳ್ಳುವ ಹಂತದಲ್ಲಿ ಐದು ನಿಮಿಷಕ್ಕೊಮ್ಮೆ ಮಗುವಿನ ಎದೆಬಡಿತ ಕೇಳಬೇಕು. 110ರಿಂದ 160ರ ಒಳಗಿರಬೇಕು. ಇದಕ್ಕೆ ದೊಡ್ಡ ಮಷೀನು ಬೇಡ, ಕೈಯಲ್ಲಿ ಹಿಡಿಯುವ ಡಾಪ್ಲರ್ ಸಾಕು. ರಾತ್ರಿ ಇಬ್ಬರೇ ಇದ್ದು ನಾಲ್ಕು ಟೇಬಲ್ ತುಂಬಿದ್ದಾಗ ಯಾರ ಎದೆಬಡಿತ ಅಂತ ಕೇಳೋದು ನೀವೇ ಹೇಳಿ. ನೋವು, ಎದೆಬಡಿತ ಆಗಾಗಲೇ ಬರೆದಿಡಬೇಕಾದ ಪಾರ್ಟೋಗ್ರಾಫ್ ಹಾಳೆಯನ್ನ ಹೆರಿಗೆ ಆದ ಮೇಲೆ ಕೂತು ತುಂಬಿಸೋದು ಎಷ್ಟೋ ಕಡೆ ನಡೆಯುತ್ತೆ.

ಇನ್ನು ನೋವು ಬರಿಸುವ ಇಂಜೆಕ್ಷನ್. "ಬೇಗ ಹೆರಿಗೆ ಮಾಡಿಸಿ" ಅಂತ ಮನೆಯವರೇ ಒತ್ತಾಯ ಮಾಡುತ್ತಾರೆ. ಆಕ್ಸಿಟೋಸಿನ್ ಡ್ರಿಪ್‌ನಲ್ಲಿ ಹನಿ ಎಣಿಸಿ ಕೊಡುವ ಔಷಧಿ. ಮಗು ಹುಟ್ಟುವ ಮೊದಲು ಅದನ್ನ ಸೊಂಟಕ್ಕೋ ತೋಳಿಗೋ ಚುಚ್ಚಿದರೆ ಗರ್ಭಕೋಶ ಬಿಗಿದು ಬಿಡುವೇ ಕೊಡಲ್ಲ. ಒಳಗಿರೋ ಮಗುವಿಗೆ ಉಸಿರು ಕಟ್ಟಿದ ಹಾಗೆ. ಹೆರಿಗೆ ಆದ ಮೇಲೆ ರಕ್ತಸ್ರಾವ ತಡೆಯೋಕೆ ಅದೇ ಇಂಜೆಕ್ಷನ್ ಜೀವ ಉಳಿಸುತ್ತೆ. ಮೊದಲು ಚುಚ್ಚಿದರೆ ಜೀವ ತೆಗೆಯುತ್ತೆ.

ನೇರನುಡಿ_ಗದಗ

ಸಿಸ್ಟರ್, ನೀವು ಒಪ್ಪಿಕೊಂಡಿರಿ, ಅದಕ್ಕೆ ಮರ್ಯಾದೆ ಕೊಡುತ್ತೇನೆ. ಆದರೆ ಆಸ್ಪತ್ರೆ ಹೆರಿಗೆ ಅಂತ ಇಷ್ಟು ವರ್ಷ ಪ್ರಚಾರ ಮಾಡಿದರು. ಜನನಿ ಸುರಕ್ಷಾ 2005ರಲ್ಲಿ ಬಂತು. 108 ಬಂತು. ಈಗ ಎಲ್ಲರೂ ಆಸ್ಪತ್ರೆಗೇ ಹೋಗುತ್ತಾರೆ. ಹೋದರೆ ನೋಡೋಕೆ ಜನ ಇಲ್ಲ ಅಂದರೆ? ಪಿಎಚ್‌ಸಿಯಿಂದ ತಾಲ್ಲೂಕಿಗೆ, ತಾಲ್ಲೂಕಿನಿಂದ ಜಿಲ್ಲೆಗೆ. ನಮ್ಮ ಪಕ್ಕದ ಮನೆ ಹುಡುಗಿಯನ್ನ ಹೀಗೇ ಓಡಾಡಿಸಿದರು. ಅರಿವಳಿಕೆ ಡಾಕ್ಟರು ರಜೆ ಅಂತ.

ಹೆರಿಗೆವಾರ್ಡ್_ಡಾಕ್ಟರ್

ಇಲ್ಲಿ ನಾನು ನಿಮ್ಮ ಕಡೆ. ಸರ್ಕಾರ ಎಷ್ಟು ಚೆಕಪ್ ಆಯಿತು, ಎಷ್ಟು ಹೆರಿಗೆ ಆಸ್ಪತ್ರೆಯಲ್ಲಾಯಿತು ಅಂತ ಎಣಿಸುತ್ತೆ. ಚೆಕಪ್‌ನಲ್ಲಿ ಏನು ನೋಡಿದರು ಅನ್ನೋದಕ್ಕೆ ಅಷ್ಟು ಗಮನ ಕೊಡಲ್ಲ. ನಾಲ್ಕು ಚೆಕಪ್ ಆಗಿದೆ, ಒಂದರಲ್ಲೂ ಟೇಪ್ ಹಿಡಿದು ಹೊಟ್ಟೆ ಅಳೆದಿಲ್ಲ ಅನ್ನೋ ಕಾರ್ಡ್‌ಗಳು ನನ್ನ ಹತ್ತಿರ ದಿನಾ ಬರುತ್ತವೆ. 24ನೇ ವಾರದಿಂದ 36ರವರೆಗೆ ಎಷ್ಟು ವಾರವೋ ಹೆಚ್ಚುಕಡಿಮೆ ಅಷ್ಟೇ ಸೆಂಟಿಮೀಟರ್ ಇರಬೇಕು ಗರ್ಭಕೋಶ. ದರ್ಜಿಯ ಟೇಪ್ ಸಾಕು. ಅತ್ತಿಗೆಯ ಮಗು ಬೆಳೆಯುತ್ತಿಲ್ಲ ಅಂತ ಅದರಲ್ಲೇ ಸುಳಿವು ಸಿಗುತ್ತಿತ್ತು. ಜನ ಮಾತ್ರ ಸ್ಕ್ಯಾನಿಂಗ್ ಮೇಲೆ ಸ್ಕ್ಯಾನಿಂಗ್ ಮಾಡಿಸುತ್ತಾರೆ, ಬಿಪಿ ನೋಡಿಸಲ್ಲ.

ಶ್ರೀಲಂಕಾವನ್ನೇ ನೋಡಿ. ಅದೂ ಶ್ರೀಮಂತ ದೇಶ ಅಲ್ಲ. ಅಲ್ಲಿ ಸತ್ತು ಹುಟ್ಟುವ ಮಕ್ಕಳ ಪ್ರಮಾಣ ನಮ್ಮ ಅರ್ಧಕ್ಕಿಂತ ಕಡಿಮೆ. ಪ್ರತಿ ಊರಿಗೂ ತರಬೇತಾದ ಸೂಲಗಿತ್ತಿ ನೌಕರರಿದ್ದಾರೆ, ಬಸುರಿಯ ಮನೆಗೇ ಬರುತ್ತಾರೆ.

ಗುಮಾಸ್ತ_1969

ಅಂಕಿ ಅಂಶದ ಮಾತು ಬಂತಲ್ಲ, ನನ್ನದೂ ಒಂದು ಸೇರಿಸಿ. ಜನನ ಮರಣ ನೋಂದಣಿ ಕೆಲಸ ನೋಡುತ್ತೇನೆ. ವಿಶ್ವಸಂಸ್ಥೆಯ ಲೆಕ್ಕದಲ್ಲಿ 2019ರಲ್ಲಿ ಭಾರತದಲ್ಲಿ ಸುಮಾರು 3.4 ಲಕ್ಷ ಮಕ್ಕಳು ಸತ್ತು ಹುಟ್ಟಿದವು. ಪ್ರಪಂಚದಲ್ಲೇ ಹೆಚ್ಚು. ಸಾವಿರ ಹೆರಿಗೆಗೆ 14ರ ಹತ್ತಿರ. ನಮ್ಮದೇ ಎಸ್‌ಆರ್‌ಎಸ್, ಅಂದರೆ ಕೇಂದ್ರ ಸರ್ಕಾರದ ಜನನ ಮರಣ ಮಾದರಿ ಸಮೀಕ್ಷೆ ನೋಡಿದರೆ ಅದರಲ್ಲಿ ತೀರಾ ಕಡಿಮೆ ತೋರಿಸುತ್ತೆ. ಯಾಕೆ ಅಂದರೆ ಮನೆಯವರು ಹೇಳಲ್ಲ, ಕೇಳುವವರು ಕೆದಕಲ್ಲ. 2014ರಲ್ಲಿ ಕೇಂದ್ರ ಸರ್ಕಾರ ನವಜಾತ ಶಿಶು ಕ್ರಿಯಾ ಯೋಜನೆ ಅಂತ ಮಾಡಿ, 2030ರೊಳಗೆ ಸಾವಿರಕ್ಕೆ ಹತ್ತಕ್ಕಿಂತ ಕೆಳಗಿಳಿಸುತ್ತೇವೆ ಅಂದಿತು. ಸರಿಯಾಗಿ ಎಣಿಸದೆ ಇಳಿಸಿದ್ದೇವೆ ಅಂತ ಹೇಳೋದು ಹೇಗೆ?

1969ರ ಕಾಯ್ದೆ ಪ್ರಕಾರ ಸತ್ತು ಹುಟ್ಟಿದ್ದನ್ನೂ ನೋಂದಾಯಿಸಲೇಬೇಕು, 21 ದಿನದೊಳಗೆ. ಅದಕ್ಕೆ ಬೇರೆ ನಮೂನೆಯೇ ಇದೆ. ಆಸ್ಪತ್ರೆಯಲ್ಲಾದರೆ ಅವರೇ ಕಳಿಸಬೇಕು.

ರಾತ್ರಿಪಾಳಿ_ಸಿಸ್ಟರ್

ಎಣಿಕೆಯಲ್ಲಿ ಇನ್ನೊಂದು ಗೊಂದಲ ಇದೆ. ಹುಟ್ಟಿದ ತಕ್ಷಣ ಅಳದ ಮಗುವನ್ನ "ಸತ್ತಿದೆ" ಅಂತ ಬರೆದುಬಿಡೋದು. ಎದೆಬಡಿತ ಇರುತ್ತೆ, ಉಸಿರು ಶುರುವಾಗಿರಲ್ಲ. ಒರೆಸಿ, ಬೆನ್ನು ಉಜ್ಜಿ, ಒಂದು ನಿಮಿಷದೊಳಗೆ ಬ್ಯಾಗ್ ಮಾಸ್ಕ್ ಹಿಡಿದು ಗಾಳಿ ಕೊಟ್ಟರೆ ಎಷ್ಟೋ ಮಕ್ಕಳು ಬದುಕುತ್ತವೆ. ಬೆಳಗಾವಿ ಕಡೆ ಹೆರಿಗೆ ಮಾಡಿಸುವವರಿಗೆ ಇದನ್ನ ಕಲಿಸಿ ನೋಡಿದರು. ಸತ್ತು ಹುಟ್ಟಿದವು ಅನ್ನೋ ಲೆಕ್ಕವೇ ಇಳಿಯಿತು.

ಆಶಾ_ಅಕ್ಕ_ಕೊಪ್ಪಳ

ಮನೆಯ ಕಡೆಯದೂ ಸ್ವಲ್ಪ ಹೇಳಿಬಿಡಿ ಡಾಕ್ಟ್ರೇ. ಕೆಂಪು ಐರನ್ ಮಾತ್ರೆ ಕೊಟ್ಟರೆ ಮಗು ಕಪ್ಪಾಗುತ್ತೆ ಅಂತ ಅಕ್ಕಿ ಡಬ್ಬದಲ್ಲಿ ಬಚ್ಚಿಡುತ್ತಾರೆ. ಜಾಸ್ತಿ ಉಂಡರೆ ಮಗು ದಪ್ಪ ಆಗಿ ಹೆರಿಗೆ ಕಷ್ಟ ಅಂತ ಕೊನೇ ತಿಂಗಳು ಊಟ ಕಮ್ಮಿ ಮಾಡಿಸುತ್ತಾರೆ. ಹೊಗೆಸೊಪ್ಪು ಹಾಕುವವರು ಬಸಿರಲ್ಲೂ ಬಿಡಲ್ಲ.

ಹೆರಿಗೆವಾರ್ಡ್_ಡಾಕ್ಟರ್

ಹೇಳುತ್ತೇನೆ. ದೇಶದಲ್ಲಿ ಬಸುರಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಜನಕ್ಕೆ ರಕ್ತಹೀನತೆ ಇದೆ, ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆ. ಐರನ್ ಮಾತ್ರೆಯನ್ನ ಟೀ ಕಾಫಿ ಜೊತೆ ತಗೋಬೇಡಿ, ಕ್ಯಾಲ್ಸಿಯಂ ಮಾತ್ರೆ ಜೊತೆಗೂ ಬೇಡ. ಮಧ್ಯೆ ಎರಡು ಗಂಟೆ ಬಿಡಿ. ಮಲ ಕಪ್ಪಾಗುತ್ತೆ, ಮಗು ಕಪ್ಪಾಗಲ್ಲ. ಹೊಗೆಸೊಪ್ಪು, ಕಡ್ಡಿಪುಡಿ ಮಗುವಿನ ತೂಕ ಇಳಿಸುತ್ತೆ, ಸಾಯುವ ಅಪಾಯವನ್ನೂ ಹೆಚ್ಚಿಸುತ್ತೆ.

ಸಕ್ಕರೆ ಪರೀಕ್ಷೆ ಎಲ್ಲ ಬಸುರಿಯರಿಗೂ ಬೇಕು. 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆ ಆದ ಮೇಲೆ ನೋಡೋದು, 140 ಅಥವಾ ಮೇಲಿದ್ದರೆ ಸಕ್ಕರೆ ಕಾಯಿಲೆ ಅಂತ. ಸಿಫಿಲಿಸ್ (ಲೈಂಗಿಕ ಸಂಪರ್ಕದಿಂದ ಹರಡುವ ಸೋಂಕು) ಪರೀಕ್ಷೆಯನ್ನ ನಾಚಿಕೆಯಿಂದ ಬಿಡುತ್ತಾರೆ. ಅದಕ್ಕೆ ಪೆನ್ಸಿಲಿನ್ ಇಂಜೆಕ್ಷನ್ ಇದೆ, ಬೇಗ ಕೊಟ್ಟರೆ ಮಗು ಉಳಿಯುತ್ತೆ. ರಕ್ತದ ಗುಂಪು ನೆಗೆಟಿವ್ ಇದ್ದವರು ಆಂಟಿ-ಡಿ ಇಂಜೆಕ್ಷನ್ ಬಗ್ಗೆ ಕೇಳಬೇಕು. ಏಳು ತಿಂಗಳಾದ ಮೇಲೆ ಮಗ್ಗುಲಾಗಿ ಮಲಗಬೇಕು, ಅಂಗಾತ ಬೇಡ. ರಾತ್ರಿ ಎಚ್ಚರವಾದಾಗ ಅಂಗಾತ ಇದ್ದರೆ ಹೆದರಬೇಕಿಲ್ಲ, ಮತ್ತೆ ಮಗ್ಗುಲಾದರಾಯಿತು. ದಿನ ಮೀರಿದರೆ "ಇನ್ನೂ ನೋವು ಬಂದಿಲ್ಲ" ಅಂತ ಮನೆಯಲ್ಲೇ ಕಾಯಬೇಡಿ, 41 ವಾರ ಆದ ಮೇಲೆ ಅಪಾಯ ಏರುತ್ತೆ.

ಸೋದರಮಾವ, ಅತ್ತೆ ಮಗ ಅಂತ ಮದುವೆ ಆದವರು ಅದನ್ನ ಡಾಕ್ಟರಿಗೆ ಮೊದಲೇ ಹೇಳಿ, ಹುಟ್ಟುದೋಷದ ಅಪಾಯ ಸ್ವಲ್ಪ ಹೆಚ್ಚು. ನಮ್ಮಲ್ಲಿ ಅಂಥ ಮದುವೆ ಕಡಿಮೆ ಏನಿಲ್ಲ.

ಮೈಸೂರ್_ಮಗ

ಬಿಪಿ ಬರದ ಹಾಗೆ ಆಸ್ಪಿರಿನ್ ಮಾತ್ರೆ ತಗೊಂಡರೆ ಆಗುತ್ತೆ ಅಂತ ಓದಿದ್ದೇನೆ. ಅತ್ತಿಗೆಯವರು ಈಗಲೇ ಶುರು ಮಾಡಬಹುದಲ್ವಾ? ಮೆಡಿಕಲ್ ಶಾಪ್‌ನಲ್ಲಿ ಕಮ್ಮಿಗೇ ಸಿಗುತ್ತೆ.

ಹಾವೇರಿ_ನಾದಿನಿ

ನಾನೂ ಅದನ್ನೇ ಕೇಳಬೇಕಂತಿದ್ದೆ. ಇನ್ನೊಂದು, ಅತ್ತಿಗೆ ಖಾಸಗಿ ಶಾಲೆಯಲ್ಲಿ ಟೀಚರ್. "ಮಗು ಇಲ್ಲವಲ್ಲ, ಆರು ವಾರ ಆದ ಮೇಲೆ ಬನ್ನಿ" ಅನ್ನುತ್ತಿದ್ದಾರೆ.

ಗುಮಾಸ್ತ_1969

ಆರು ವಾರದ ರಜೆ ಅನ್ನೋದು ಗರ್ಭಪಾತಕ್ಕೆ. ಹೆರಿಗೆ ಸೌಲಭ್ಯದ ಕಾನೂನಿನಲ್ಲಿ ಗರ್ಭಪಾತ ಅಂದರೆ 26ನೇ ವಾರದವರೆಗಿನದು. ಅದೇ ಕಾನೂನಿನಲ್ಲಿ "ಮಗು" ಅಂದರೆ ಸತ್ತು ಹುಟ್ಟಿದ ಮಗುವೂ ಸೇರುತ್ತೆ ಅಂತ ಸ್ಪಷ್ಟವಾಗಿ ಬರೆದಿದೆ. ಹಾಗಾಗಿ ಇದು ಹೆರಿಗೆಯೇ, ಹೆರಿಗೆ ರಜೆಯೇ ಸಿಗಬೇಕು. ನೋಂದಣಿ ಪತ್ರ ಮತ್ತು ಡಿಸ್ಚಾರ್ಜ್ ಚೀಟಿ ಇಟ್ಟು ಬರವಣಿಗೆಯಲ್ಲಿ ಅರ್ಜಿ ಕೊಡಿ. ಬಾಯಿಮಾತಲ್ಲಿ ಕೇಳಬೇಡಿ. ಒಪ್ಪದಿದ್ದರೆ ಕಾರ್ಮಿಕ ಇಲಾಖೆಗೆ ಹೋಗಬಹುದು.

ಹೆರಿಗೆವಾರ್ಡ್_ಡಾಕ್ಟರ್

ಆಸ್ಪಿರಿನ್ ಈಗ ಬೇಡ, ಬಸಿರಿಲ್ಲದಾಗ ಅದರಿಂದ ಉಪಯೋಗ ಇಲ್ಲ. ಮುಂದಿನ ಸಲ ಬಸಿರಾದದ್ದು ಗೊತ್ತಾದ ಕೂಡಲೇ ಡಾಕ್ಟರಿಗೆ ಈ ಕಥೆಯೆಲ್ಲ ಹೇಳಲಿ. ಬೇಕು ಅನ್ನಿಸಿದರೆ ಅವರು ಕಡಿಮೆ ಡೋಸ್ ಆಸ್ಪಿರಿನ್ ಬರೆಯುತ್ತಾರೆ, 12ನೇ ವಾರದ ಹೊತ್ತಿಗೆ, 16 ದಾಟುವ ಮೊದಲು. ಇದು ಸುಮ್ನೆ ಹೇಳುವ ಮಾತಲ್ಲ. ಬೆಳಗಾವಿ, ನಾಗಪುರ ಸೇರಿ ಆರು ದೇಶಗಳಲ್ಲಿ ಚೊಚ್ಚಲ ಬಸುರಿಯರಿಗೆ ಕೊಟ್ಟು ನೋಡಿದ್ದಾರೆ, ದಿನ ತುಂಬದ ಹೆರಿಗೆ ಕಡಿಮೆಯಾಯಿತು. ಅದರ ವರದಿ 2020ರಲ್ಲಿ ಬಂತು. ಆಸ್ತಮಾ, ಹೊಟ್ಟೆಹುಣ್ಣು ಇದ್ದರೆ ತಿಳಿಸಲಿ.

ಈಗ ಮಾಡಬೇಕಾದದ್ದು ಬೇರೆ. ಬಿಪಿ ಈ ವಾರ ಒಮ್ಮೆ ನೋಡಿಸಿ, ಆರು ವಾರಕ್ಕೆ ಮತ್ತೊಮ್ಮೆ. ಎಷ್ಟೋ ಜನಕ್ಕೆ ಹೆರಿಗೆ ಆದ ಮೇಲೂ ಇಳಿದಿರಲ್ಲ, ಮಗು ಇಲ್ಲ ಅಂತ ಬಾಣಂತಿಯನ್ನ ಯಾರೂ ವಿಚಾರಿಸಿರಲ್ಲ. ತಲೆನೋವು ಇನ್ನೂ ಇದ್ದರೆ ನಾಳೆಯೇ ಹೋಗಿ. ಹಿಮೋಗ್ಲೋಬಿನ್ 9.2 ಇತ್ತಲ್ಲ, ಐರನ್ ಮಾತ್ರೆ ಮುಂದುವರಿಸಲಿ. ಸಕ್ಕರೆ, ಥೈರಾಯ್ಡ್ ಒಂದು ಸಲ ನೋಡಿಸಿ. ತಾಯಿ ಕಾರ್ಡ್ ಎಸೆಯಬೇಡಿ. ಆಸ್ಪತ್ರೆಯಿಂದ ಕೇಸ್ ಶೀಟ್ ನಕಲು ಬರವಣಿಗೆಯಲ್ಲಿ ಕೇಳಿ, ಅದರಲ್ಲಿ ಮಾಸಿನ ತೂಕ, ಗರ್ಭದ ನೀರಿನ ಬಣ್ಣ ಬರೆದಿರುತ್ತಾರೆ. ಸಿಕ್ಕಿದರೆ ಹೆಸರು ಮುಚ್ಚಿ ಇಲ್ಲಿ ಹಾಕಿ, ನೋಡುತ್ತೇನೆ.